ವೈದ್ಯರ ಎರಡನೆಯ ಶಿಷ್ಯವೃತ್ತಿ

ವೈದ್ಯವಿದ್ಯೆಗೆ ಎರಡು ಪಾಠಶಾಲೆಗಳುಂಟು. ಒಂದು ಗ್ರಂಥ, ಉಪನ್ಯಾಸ, ಪರೀಕ್ಷೆಗಳದು. ಮತ್ತೊಂದು ರೋಗಿಯ ಹಾಸಿಗೆಯ ಪಕ್ಕದ್ದು. ಮೊದಲನೆಯದರಲ್ಲಿ ತೇರ್ಗಡೆಯಾದವನಿಗೆ ವಿಶ್ವವಿದ್ಯಾನಿಲಯವು ಪದವಿಯನ್ನಿತ್ತು ವೈದ್ಯನೆಂದು ಕರೆಯುತ್ತದೆ. ಆದರೆ ಎರಡನೆಯದರಲ್ಲಿ ಒಂದೆರಡು ವರ್ಷವನ್ನಾದರೂ ಕಳೆಯದವನ ಕೈಗೆ ತನ್ನ ಮಗುವಿನ ನಾಡಿಯನ್ನು ಕೊಡಲು ಯಾವ ಗೃಹಸ್ಥನೂ ಒಪ್ಪಲಾರನು. ನಮ್ಮ ಕಡೆ ಇದನ್ನು ಹೌಸ್ ಸರ್ಜನ್ ಕೆಲಸವೆಂದು ಕರೆಯುತ್ತಿದ್ದುದುಂಟು. ಈಗ ಇಂಟರ್ನ್‌ಷಿಪ್ ಎಂಬ ಹೆಸರೇ ಬಳಕೆಗೆ ಬಂದಿದೆ. ಈ ಎರಡನೆಯ ಪಾಠಶಾಲೆಯಲ್ಲಿ ಕಲಿಯುವವನೇ ದುಡಿಯುವವನೂ ಹೌದು. ರಾತ್ರಿಯೆಲ್ಲ ಎಚ್ಚತ್ತಿದ್ದು ಒಂದು ವಾರ್ಡಿನಿಂದ ಇನ್ನೊಂದು ವಾರ್ಡಿಗೆ ಓಡಾಡುವ ಆ ತರುಣನು ವಿದ್ಯಾರ್ಥಿಯೋ ನೌಕರನೋ ಎಂಬ ಪ್ರಶ್ನೆಗೆ ಆಸ್ಪತ್ರೆಗಳೂ ಸರಕಾರಗಳೂ ತಮ್ಮ ತಮ್ಮ ಅನುಕೂಲವನ್ನು ನೋಡಿಕೊಂಡು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರವನ್ನು ಹೇಳುತ್ತ ಬಂದಿವೆ.

ಒಂದು ದೇಶದಲ್ಲಿ ಪದವಿಯನ್ನು ಪಡೆದು, ಈ ಎರಡನೆಯ ಶಿಷ್ಯವೃತ್ತಿಗಾಗಿ ಮತ್ತೊಂದು ದೇಶದ ಆಸ್ಪತ್ರೆಯ ಬಾಗಿಲಲ್ಲಿ ನಿಂತವರ ಚರಿತ್ರೆಯು ಸುಮಾರು ಇನ್ನೂರು ವರ್ಷಗಳದು. ಈಗ ನಮ್ಮ ನಾಡಿನ ಎಷ್ಟೋ ಮನೆಗಳಲ್ಲಿ ಅಮೆರಿಕದಲ್ಲಿ ವೈದ್ಯರಾಗಿರುವ ಮಗನೋ ಮಗಳೋ ಇರುವುದು ಅಪರೂಪವಲ್ಲವಾದುದರಿಂದ, ಆ ಬಾಗಿಲು ಯಾವಾಗ ತೆರೆಯಿತು, ಯಾವಾಗ ಮುಚ್ಚಿತು, ಏಕೆ ತೆರೆದು ಏಕೆ ಮುಚ್ಚಿತು ಎಂಬುದನ್ನು ವಿಚಾರಿಸಿ ನೋಡುವುದು ಅಪ್ರಸ್ತುತವಾಗದು. ಅತಿಥಿಯ ಯೋಗ್ಯತೆಯನ್ನು ಅಳೆಯುವ ಮಾತು ಎಲ್ಲ ಕಾಲದಲ್ಲಿಯೂ ಕೇಳಿಬಂದಿದೆ. ಆದರೆ ಅಗಳಿಯನ್ನು ಸರಿಸಿದುದು ಬಹುಮಟ್ಟಿಗೆ ಮನೆಯೊಡೆಯನ ಅಗತ್ಯವೇ ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ನೆನೆಯತಕ್ಕ ಸಂಗತಿಯೇನೆಂದರೆ, ಇಂದು ಲೋಕದ ವೈದ್ಯರನ್ನೆಲ್ಲ ಪರೀಕ್ಷಿಸಿ ಒಳಗೆ ಬಿಡುವ ಅಮೆರಿಕನ್ನರೇ ಹಿಂದೆ ಪರರ ಬಾಗಿಲಿಗೆ ಹೋದವರು. 19ನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ವೈದ್ಯಶಾಲೆಗಳ ಸ್ಥಿತಿಯು ಶೋಚನೀಯವಾಗಿತ್ತು. ಕೆಲವು ತಿಂಗಳ ಉಪನ್ಯಾಸ, ಮರುವರ್ಷ ಬಹುಮಟ್ಟಿಗೆ ಅದೇ ಉಪನ್ಯಾಸದ ಪುನರಾವೃತ್ತಿ, ಆಮೇಲೆ ಪದವಿ. ರೋಗಿಯನ್ನು ಮುಟ್ಟಿ ನೋಡದೆಯೇ ವೈದ್ಯರಾಗುವುದು ಅಲ್ಲಿ ಸಾಧ್ಯವಿತ್ತು. ಆದುದರಿಂದ ಅನುಕೂಲವಿದ್ದ ಮನೆಗಳ ಪದವೀಧರರು ಹಡಗನ್ನು ಹತ್ತಿ ಪ್ಯಾರಿಸ್ಸಿಗೆ ಹೋಗುತ್ತಿದ್ದರು. ಅಲ್ಲಿಯ ದೊಡ್ಡ ಆಸ್ಪತ್ರೆಗಳಲ್ಲಿ ಸಾವಿರಗಟ್ಟಲೆ ಬಡರೋಗಿಗಳಿದ್ದರು. ಪಾಠವು ಪರದೇಶದವರಿಗೂ ಧರ್ಮಾರ್ಥವಾಗಿ ದೊರೆಯುತ್ತಿತ್ತು. 1860ಕ್ಕೆ ಹಿಂದಿನ ನಾಲ್ಕೈದು ದಶಕಗಳಲ್ಲಿ ಸುಮಾರು ಒಂದು ಸಾವಿರ ಅಮೆರಿಕನ್ನರು ಹೀಗೆ ಹೋದರೆಂದು ಚರಿತ್ರಕಾರರು ಲೆಕ್ಕಹಾಕಿದ್ದಾರೆ. ಆಲಿವರ್ ವೆಂಡೆಲ್ ಹೋಮ್ಸ್ ಎಂಬ ಪ್ರಸಿದ್ಧ ವೈದ್ಯಸಾಹಿತಿಯು 1833ರಿಂದ 1835ರವರೆಗೆ ಅಲ್ಲಿದ್ದು, ಪಿಯರ್ ಲೂಯಿ ಎಂಬ ಆಚಾರ್ಯನ ಹಿಂದೆ ವಾರ್ಡುಗಳನ್ನು ಸುತ್ತಿದನು. ರಕ್ತವನ್ನು ಹೊರಗೆ ತೆಗೆಯುವ ಚಿಕಿತ್ಸೆಯಿಂದ ನಿಜವಾಗಿ ಎಷ್ಟು ಮಂದಿ ಬದುಕಿದರು, ಎಷ್ಟು ಮಂದಿ ಸತ್ತರು ಎಂದು ಎಣಿಸಿ ನೋಡಿದವನು ಈ ಲೂಯಿ. ಅಷ್ಟರವರೆಗೆ ಎಣಿಸುವುದು ಯಾರಿಗೂ ತೋರಿರಲಿಲ್ಲವೆ ಎಂದು ಈಗ ನಮಗೆ ಆಶ್ಚರ್ಯವಾಗುತ್ತದೆ. ಇಂಟರ್ನ್ ಎಂಬ ಮಾತು ಸಹ ಪ್ಯಾರಿಸ್ಸಿನದೇ. 1802ರಲ್ಲಿ ಅಲ್ಲಿಯ ಆಸ್ಪತ್ರೆಗಳು ಸ್ಪರ್ಧೆಯ ಪರೀಕ್ಷೆಯಿಂದ ಆರಿಸಿಕೊಂಡು ಒಳಗೇ ಇರಿಸಿಕೊಳ್ಳುತ್ತಿದ್ದ ವಿದ್ಯಾರ್ಥಿಗಳಿಗೆ ಆ ಹೆಸರು ಬಂದಿತು.

ಆದರೆ ಧರ್ಮಾರ್ಥವೆಂಬುದು ಗಂಡಸರಿಗೆ ಮಾತ್ರ. 1849ನೆಯ ಜನವರಿಯಲ್ಲಿ ನ್ಯೂಯಾರ್ಕ್ ಪ್ರಾಂತದ ಜಿನೀವಾ ಎಂಬ ಊರಿನ ವೈದ್ಯಶಾಲೆಯಿಂದ ಎಲಿಜಬೆತ್ ಬ್ಲ್ಯಾಕ್‌ವೆಲ್ ಎಂಬಾಕೆಯು ಪದವಿ ಪಡೆದಳು. ಅಮೆರಿಕದಲ್ಲಿ ವೈದ್ಯ ಪದವಿಯನ್ನು ಪಡೆದ ಮೊದಲನೆಯ ಸ್ತ್ರೀ ಈಕೆ. ಪದವಿಯೇನೋ ಬಂದಿತು, ಅಭ್ಯಾಸಕ್ಕೆ ಆಸ್ಪತ್ರೆಯೆಲ್ಲಿ? ಅದೇ ವರ್ಷ ಆಕೆ ಯೂರೋಪಿಗೆ ಹೋದಳು. ಪ್ಯಾರಿಸ್ಸಿನಲ್ಲಿ ಲೂಯಿಯನ್ನು ಕಂಡಾಗ ಅವನು ಕೊಟ್ಟ ಸಲಹೆಯೆಂದರೆ ಮೆಟರ್ನಿಟೆ ಎಂಬ ಹೆರಿಗೆಯಾಸ್ಪತ್ರೆಯನ್ನು ಸೇರು ಎಂಬುದು. ಅಲ್ಲಿ ವೈದ್ಯಳೆಂದು ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಹಳ್ಳಿಗಳಿಂದ ಸೂಲಗಿತ್ತಿಯ ಕೆಲಸವನ್ನು ಕಲಿಯಲು ಬಂದ ಹುಡುಗಿಯರ ಸಾಲಿನಲ್ಲಿ ಒಬ್ಬಳಾಗಿ, ಅವರೊಡನೆ ಒಂದೇ ಕೊಠಡಿಯಲ್ಲಿ ಮಲಗಿ, ಅವರ ನಿಯಮಗಳಿಗೆ ಒಳಪಟ್ಟು ಇರಬೇಕಾಯಿತು. ಪದವೀಧರೆಯು ಪದವಿಯನ್ನು ಪೆಟ್ಟಿಗೆಯಲ್ಲಿಟ್ಟು ಸೂಲಗಿತ್ತಿಯ ಶಿಷ್ಯೆಯಾದಳು. ಆಕೆ ಅದಕ್ಕೂ ಬೇಸರಿಸಲಿಲ್ಲ. ಅದೇ ನವೆಂಬರಿನಲ್ಲಿ, ಕಣ್ಣು ಬೇನೆಯಿಂದ ನರಳುತ್ತಿದ್ದ ಒಂದು ಹಸುಗೂಸಿಗೆ ಔಷಧಿಯ ನೀರನ್ನು ಹಾಕುತ್ತಿದ್ದಾಗ ಆ ನೀರು ಸಿಡಿದು ಆಕೆಯ ಕಣ್ಣಿಗೆ ಬಿದ್ದಿತು. ಸೋಂಕು ತಗಲಿ ಒಂದು ಕಣ್ಣು ಹೋಯಿತು. ಅದರೊಡನೆ ಶಸ್ತ್ರವೈದ್ಯಳಾಗಬೇಕೆಂಬ ಆಸೆಯೂ ಹೋಯಿತು.

ಮರುವರ್ಷ ಲಂಡನ್ನಿನ ಸಂತ ಬಾರ್ತಲೋಮ್ಯೂ ಆಸ್ಪತ್ರೆಯು ಆಕೆಯನ್ನು ಒಳಗೆ ಬಿಟ್ಟಿತು. ಎಲ್ಲ ವಾರ್ಡುಗಳೂ ಆಕೆಗೆ ತೆರೆದಿದ್ದವು, ಒಂದು ಬಿಟ್ಟು. ಸ್ತ್ರೀರೋಗಗಳ ವಿಭಾಗದ ಅಧ್ಯಾಪಕನು ಮಾತ್ರ ಸ್ತ್ರೀಯನ್ನು ಒಳಗೆ ಬಿಡಲು ಒಪ್ಪಲಿಲ್ಲ. ಇದನ್ನು ಓದಿದ ವಾಚಕರು ನಗಬೇಕೋ ಅಳಬೇಕೋ ತಿಳಿಯದು. ಈಕೆಯು ಮುಂದೆ 1857ರಲ್ಲಿ ನ್ಯೂಯಾರ್ಕಿನಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಒಂದು ಆಸ್ಪತ್ರೆಯನ್ನು ತೆರೆದುದಕ್ಕೆ ಮುಖ್ಯ ಕಾರಣಗಳಲ್ಲೊಂದು, ತನ್ನಂತೆ ಪದವಿ ಪಡೆದ ಹೆಂಗಸರಿಗೆ ಅಭ್ಯಾಸದ ಸ್ಥಳವಿರಲೆಂಬುದೇ. 1874ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಸ್ತ್ರೀಯರ ವೈದ್ಯಶಾಲೆಯಲ್ಲಿಯೂ ಆಕೆ ಪಾಠ ಹೇಳಿದಳು. ಬಾಲ್ಯವಿವಾಹದ ಮೊಕದ್ದಮೆಯಿಂದ ಪ್ರಸಿದ್ಧರಾದ ಮುಂಬಯಿಯ ರುಕ್ಮಾಬಾಯಿಯವರು ಆಮೇಲೆ ಓದಿದುದು ಅದೇ ಶಾಲೆಯಲ್ಲಿ.

ಇದೇ ಕಾಲದಲ್ಲಿ ನಮ್ಮ ದೇಶದಿಂದಲೂ ಪಯಣ ಆರಂಭವಾಗಿತ್ತು. 1835ರಲ್ಲಿ ಕಲ್ಕತ್ತೆಯಲ್ಲಿಯೂ ಮದರಾಸಿನಲ್ಲಿಯೂ ಪಾಶ್ಚಾತ್ಯ ವೈದ್ಯಶಾಲೆಗಳು ಹುಟ್ಟಿದವು. ಹತ್ತೇ ವರ್ಷಗಳಲ್ಲಿ, ಎಂದರೆ 1845ರಲ್ಲಿ, ಕಲ್ಕತ್ತೆಯ ಶಾಲೆಯ ನಾಲ್ವರು ವಿದ್ಯಾರ್ಥಿಗಳು ಡಾಕ್ಟರ್ ಗುಡೀವ್ ಎಂಬ ಅಧ್ಯಾಪಕನೊಡನೆ ಲಂಡನ್ನಿಗೆ ಹೊರಟರು. ಅವರಲ್ಲಿ ಇಬ್ಬರ ಖರ್ಚನ್ನು ವಹಿಸಿದವರು ರವೀಂದ್ರನಾಥ ಠಾಕೂರರ ಅಜ್ಜ ದ್ವಾರಕಾನಾಥ ಠಾಕೂರರು. ಸಮುದ್ರವನ್ನು ದಾಟಿದರೆ ಜಾತಿ ಹೋಗುವುದೆಂಬ ಭಯವು ಇನ್ನೂ ಪ್ರಬಲವಾಗಿದ್ದ ದಿನಗಳವು. ಆ ನಾಲ್ವರಲ್ಲಿ ಒಬ್ಬರಾದ ಸೂರ್ಯಕುಮಾರ ಚಕ್ರವರ್ತಿಯವರು 1855ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ಸಿನ ಸ್ಪರ್ಧೆಯಲ್ಲಿ ಗೆದ್ದು ಆ ನೌಕರಿಗೆ ಸೇರಿದ ಮೊದಲನೆಯ ಭಾರತೀಯರಾದರು. ಈ ಸ್ಪರ್ಧೆಯು ನಡೆಯುತ್ತಿದ್ದುದು ಎಲ್ಲಿ? ಲಂಡನ್ನಿನಲ್ಲಿ. ನಮ್ಮ ದೇಶದ ರೋಗಿಗಳಿಗೆ ಚಿಕಿತ್ಸೆ ಮಾಡುವ ಅಧಿಕಾರವನ್ನು ಪಡೆಯಲು ನಮ್ಮವರು ಸಾವಿರಾರು ಮೈಲಿ ಹೋಗಿ ಪರೀಕ್ಷೆಗೆ ಕುಳಿತುಕೊಳ್ಳಬೇಕಾಗಿತ್ತು. ಆದುದರಿಂದ ಭಾರತೀಯನ ವಿದೇಶ ವ್ಯಾಸಂಗವು ಮೊದಲಿನಿಂದಲೂ ಅಮೆರಿಕನ್ನನದಂತೆ ಕೇವಲ ಜ್ಞಾನದ ಹಸಿವಿನಿಂದ ಆದುದಲ್ಲ. ತನ್ನ ಮನೆಯ ಬೀಗದ ಕೈ ಪರರ ಬಳಿ ಇದ್ದುದರಿಂದ ಆದುದು.

ಅಮೆರಿಕನ್ನರ ಕಡೆಗೆ ಹಿಂದಿರುಗೋಣ. 1870ರ ಅನಂತರ ಅವರ ಯಾತ್ರೆಯು ಪ್ಯಾರಿಸ್ಸಿನಿಂದ ವಿಯೆನ್ನಾ, ಬರ್ಲಿನ್ ಮೊದಲಾದ ಜರ್ಮನ್ ಭಾಷೆಯ ನಗರಗಳಿಗೆ ತಿರುಗಿತು. 1870ರಿಂದ 1914ರವರೆಗೆ ಸುಮಾರು 15,000 ಅಮೆರಿಕನ್ ವೈದ್ಯರು ಅಲ್ಲಿಗೆ ಹೋಗಿಬಂದರೆಂದು ಅಂದಾಜು. ವಿಯೆನ್ನಾದ ಮಹಾ ಆಸ್ಪತ್ರೆಯಲ್ಲಿ ಆರು ವಾರ, ಎರಡು ತಿಂಗಳುಗಳ ಕಿರುಪಾಠಗಳನ್ನು ಕಿರಿಯ ಅಧ್ಯಾಪಕರು ಹಣಕ್ಕೆ ಹೇಳಿಕೊಡುತ್ತಿದ್ದರು. ಕಣ್ಣು ಬೇಕಾದವನಿಗೆ ಕಣ್ಣು, ಕಿವಿ ಬೇಕಾದವನಿಗೆ ಕಿವಿ. ಅವರ ಡಾಲರುಗಳಿಂದ ಎಷ್ಟೋ ಮಂದಿ ಬಡ ಉಪಾಧ್ಯಾಯರ ಸಂಸಾರ ಸಾಗುತ್ತಿತ್ತು. ಅಲ್ಲಿ ನೆಲಸಿದ ಅಮೆರಿಕನ್ನರು ತಮ್ಮದೇ ಒಂದು ಸಂಘವನ್ನು ಕಟ್ಟಿಕೊಂಡು, ಹೊಸದಾಗಿ ಬಂದವನಿಗೆ ಪಾಠವನ್ನೂ ಗುರುವನ್ನೂ ಗೊತ್ತುಮಾಡಿ ಕೊಡುತ್ತಿದ್ದರು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ವಿಯೆನ್ನಾಕ್ಕೆ ಅಮೆರಿಕನ್ನನ ಹಣ ಬೇಕಾಗಿತ್ತು, ಅವನ ಕೈಗಳು ಬೇಕಾಗಿರಲಿಲ್ಲ. ಆದುದರಿಂದ ಅವನನ್ನು ಯಾರೂ ಪರೀಕ್ಷಿಸಲಿಲ್ಲ. ಮನೆಗೆ ಹಿಂದಿರುಗೆಂದು ಯಾರೂ ಬರೆಯಿಸಿಕೊಳ್ಳಲೂ ಇಲ್ಲ.

ಹಾಗೆ ಹೋದವರಲ್ಲಿ ವಿಲಿಯಂ ಹಾಲ್‌ಸ್ಟೆಡ್ ಒಬ್ಬನು. 1878ರಿಂದ ಎರಡು ವರ್ಷ ಯೂರೋಪಿನಲ್ಲಿದ್ದು, ಅಲ್ಲಿ ಆಚಾರ್ಯನ ಕೈಕೆಳಗೆ ಸಹಾಯಕರು ವರ್ಷಗಟ್ಟಲೆ ದುಡಿದು ಮೆಟ್ಟಲು ಮೆಟ್ಟಲಾಗಿ ಮೇಲೇರುವ ಪದ್ಧತಿಯನ್ನು ಕಂಡನು. 1889ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು ತೆರೆದಾಗ ಅವನೂ ವಿಲಿಯಂ ಆಸ್ಲರನೂ ಅದೇ ಪದ್ಧತಿಯನ್ನು ಅಮೆರಿಕದ ಮಣ್ಣಿನಲ್ಲಿ ನೆಟ್ಟರು. ಪದವಿಯಾದ ಮೇಲೆ ತರುಣ ವೈದ್ಯರು ಆಸ್ಪತ್ರೆಯಲ್ಲಿಯೇ ವಾಸಮಾಡುತ್ತ ಕಲಿಯಬೇಕು. ವಾಸಮಾಡುವವರಾದುದರಿಂದಲೇ ರೆಸಿಡೆಂಟ್ ಎಂಬ ಹೆಸರು. 1910ರಲ್ಲಿ ಏಬ್ರಹಾಂ ಫ್ಲೆಕ್ಸ್ನರನ ವರದಿಯು ಅಮೆರಿಕದ ದುರ್ಬಲ ವೈದ್ಯಶಾಲೆಗಳ ಬಣ್ಣವನ್ನು ಬಯಲಿಗೆಳೆದ ಮೇಲೆ ಅವುಗಳಲ್ಲಿ ಅನೇಕವು ಮುಚ್ಚಿಹೋದವು. 1914ರಲ್ಲಿ ಪೆನ್ಸಿಲ್ವೇನಿಯ ಪ್ರಾಂತವು ಇಂಟರ್ನ್ ಆಗಿ ದುಡಿಯದವನಿಗೆ ವೈದ್ಯವೃತ್ತಿಯ ಅನುಮತಿಯಿಲ್ಲವೆಂದು ವಿಧಿಸಿತು. ಅದೇ ವರ್ಷ ಯೂರೋಪಿನಲ್ಲಿ ಮಹಾಯುದ್ಧವು ಹೊತ್ತಿಕೊಂಡು ವಿಯೆನ್ನಾದ ದಾರಿ ಮುಚ್ಚಿತು. ಗುರುವಿನ ಮನೆ ಬಡವಾಯಿತು, ಶಿಷ್ಯನ ಮನೆ ಗುರುಕುಲವಾಯಿತು.

ಈ ಹೊಸ ಗುರುಕುಲದ ಬಾಗಿಲಿಗೆ 1920ರ ದಶಕದ ಆದಿಯಲ್ಲಿ ಬಂದ ಒಬ್ಬ ಆಂಧ್ರ ತರುಣನ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಹೇಳಬೇಕು. ಯಲ್ಲಾಪ್ರಗಡ ಸುಬ್ಬರಾಯರು 1895ರಲ್ಲಿ ಭೀಮವರದಲ್ಲಿ ಹುಟ್ಟಿದವರು. ಮದರಾಸಿನ ವೈದ್ಯಶಾಲೆಯಲ್ಲಿ ಓದುತ್ತಿದ್ದಾಗ ಗಾಂಧಿಯವರ ಕರೆಗೆ ಓಗೊಟ್ಟು ಖಾದಿಯನ್ನು ಧರಿಸತೊಡಗಿದರು. ಇದರಿಂದ ಶಸ್ತ್ರವೈದ್ಯದ ಆಂಗ್ಲ ಅಧ್ಯಾಪಕನ ಅಪ್ರಸನ್ನತೆಗೆ ಗುರಿಯಾಗಿ, ಎಂ.ಬಿ.ಬಿ.ಎಸ್. ಪದವಿಗೆ ಬದಲಾಗಿ ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಮಾತ್ರ ಅವರಿಗೆ ದೊರೆಯಿತೆಂದು ಅವರ ಚರಿತ್ರಕಾರರು ಹೇಳುತ್ತಾರೆ. ಸ್ಪ್ರೂ ಎಂಬ, ಕರುಳು ಸೊರಗಿ ಆಹಾರ ಮೈಗೆ ಹತ್ತದ ಬೇನೆಯಿಂದ ಅವರ ಸೋದರರು ತೀರಿಕೊಂಡಿದ್ದರು. ಆ ಬೇನೆಯ ಮೂಲವನ್ನು ಕಾಣಬೇಕೆಂಬ ಛಲ ಅವರದು. ಮದರಾಸಿನ ಆಯುರ್ವೇದ ಕಲಾಶಾಲೆಯಲ್ಲಿ ಕೆಲವು ಕಾಲ ಉಪಾಧ್ಯಾಯರಾಗಿದ್ದು, ಸಾಲಸೋಲ ಮಾಡಿ, ಮದುವೆಯಾಗಿ ಹೆಚ್ಚು ಕಾಲವಾಗಿರದ ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಬಾಸ್ಟನ್ನಿಗೆ ಹೋದರು.

ಹಾರ್ವರ್ಡಿನಲ್ಲಿ ಉಷ್ಣವಲಯದ ರೋಗಗಳ ಶಾಲೆಯಲ್ಲಿ ಓದಲು ಪ್ರವೇಶವಿತ್ತು. ಆದರೆ ಊಟಕ್ಕೆ ಹಣವಿರಲಿಲ್ಲ. ಅವರ ಪದವಿಯನ್ನು ನಂಬಿ ವೈದ್ಯರ ಕೆಲಸವನ್ನು ಕೊಡುವವರೂ ಇರಲಿಲ್ಲ. ಆದುದರಿಂದ ಅವರು ಒಂದು ಆಸ್ಪತ್ರೆಯಲ್ಲಿ ರಾತ್ರಿಯ ಆಳಾಗಿ ಸೇರಿದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ಎತ್ತುವುದು, ತೊಳೆಯುವುದು, ಒರಸುವುದು ಆ ಕೆಲಸ. ಮದರಾಸಿನಲ್ಲಿ ವಾರ್ಡುಗಳನ್ನು ಸುತ್ತಿದ ವೈದ್ಯನು ಬಾಸ್ಟನ್ನಿನಲ್ಲಿ ಅದೇ ವಾರ್ಡುಗಳನ್ನು ಪೊರಕೆ ಹಿಡಿದು ಸುತ್ತಿದನು. ಈ ಹಗಲುರಾತ್ರಿಗಳ ನಡುವೆಯೇ ಓದಿ ಡಿಪ್ಲೊಮ ಪಡೆದು, ಸೈರಸ್ ಫಿಸ್ಕೆ ಎಂಬ ರಸಾಯನ ಶಾಸ್ತ್ರಜ್ಞನ ಪ್ರಯೋಗಶಾಲೆಯನ್ನು ಸೇರಿ, ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಇಬ್ಬರೂ ಕೂಡಿ ಪ್ರಕಟಿಸಿದರು. ಸ್ನಾಯುಗಳು ತಮ್ಮ ಶಕ್ತಿಯನ್ನು ಎಲ್ಲಿಂದ ಪಡೆಯುತ್ತವೆಂಬುದರ ಮೇಲೆ ಅವರು ಮಾಡಿದ ಕೆಲಸವನ್ನು ಈಗ ಜೀವರಸಾಯನದ ಪ್ರತಿಯೊಂದು ಪಠ್ಯಪುಸ್ತಕವೂ ಬಳಸಿಕೊಳ್ಳುತ್ತದೆ. ಆದರೂ ಹಾರ್ವರ್ಡಿನಲ್ಲಿ ಅವರಿಗೆ ಸ್ಥಿರವಾದ ಸ್ಥಾನ ದೊರೆಯಲಿಲ್ಲ. 1940ರಲ್ಲಿ ಲೆಡರ್ಲೆ ಎಂಬ ಔಷಧ ಕಂಪೆನಿಯ ಸಂಶೋಧನಾಲಯಕ್ಕೆ ಹೋದರು. ಫೋಲಿಕ್ ಆಮ್ಲವನ್ನು ತಯಾರಿಸಿದುದು, ಮಕ್ಕಳ ರಕ್ತಾರ್ಬುದಕ್ಕೆ ಮೊಟ್ಟಮೊದಲು ತಕ್ಕಮಟ್ಟಿಗೆ ಕೆಲಸಮಾಡಿದ ಔಷಧವನ್ನು ಒದಗಿಸಿದುದು, ಆರಿಯೋಮೈಸಿನ್ ಹೊರಬಂದುದು, ಇವೆಲ್ಲ ಅವರ ನೇತೃತ್ವದಲ್ಲಿ ನಡೆದವು. ಆನೆಕಾಲು ರೋಗಕ್ಕೆ ಕೊಡುವ ಹೆಟ್ರಜಾನ್ ಅದೇ ಪ್ರಯೋಗಶಾಲೆಯದು. ನಮ್ಮ ಕರಾವಳಿಯ ಊರುಗಳಲ್ಲಿ ಆರೋಗ್ಯ ಇಲಾಖೆಯವರು ಹಂಚಿದ ಡಿ.ಇ.ಸಿ. ಗುಳಿಗೆ ಅದೇ ವಸ್ತು. ಅದನ್ನು ನುಂಗಿದವರಲ್ಲಿ ಎಷ್ಟು ಮಂದಿ ಬಾಸ್ಟನ್ನಿನ ಆ ರಾತ್ರಿಯ ಆಳಿನ ಹೆಸರನ್ನು ಕೇಳಿದ್ದಾರೋ! 1948ರ ಆಗಸ್ಟಿನಲ್ಲಿ ಅವರು ಅಮೆರಿಕದಲ್ಲಿಯೇ ತೀರಿಕೊಂಡರು. ಸ್ವದೇಶಕ್ಕೆ ಒಮ್ಮೆಯೂ ಮರಳಲಿಲ್ಲ.

ಅವರು ಬಾಸ್ಟನ್ನಿನಲ್ಲಿದ್ದ ಕಾಲದಲ್ಲಿ ಇಂಗ್ಲೆಂಡಿನ ಕಡೆಯ ಬಾಗಿಲೂ ಅಲುಗಾಡುತ್ತಿತ್ತು. ನಮ್ಮ ವೈದ್ಯಶಾಲೆಗಳಲ್ಲಿ ಹೆರಿಗೆಯ ಪಾಠವು ಸಾಲದೆಂಬ ಆಕ್ಷೇಪವನ್ನು ಎತ್ತಿ, ತನಿಖೆಯ ವಿಷಯದಲ್ಲಿ ಜಗಳ ಬೆಳೆದು, 1930ರಲ್ಲಿ ಬ್ರಿಟನ್ನಿನ ಜನರಲ್ ಮೆಡಿಕಲ್ ಕೌನ್ಸಿಲ್ ಭಾರತದ ಪದವಿಗಳಿಗೆ ಕೊಟ್ಟಿದ್ದ ಮಾನ್ಯತೆಯನ್ನು ಹಿಂತೆಗೆದುಕೊಂಡಿತು. ಆಕ್ಷೇಪದಲ್ಲಿ ಸತ್ಯಾಂಶವಿರಲಿಲ್ಲವೆಂದು ಹೇಳಲಾಗದು. ನಮ್ಮ ಹೆಣ್ಣುಮಕ್ಕಳು ಆಗ ಹೆಚ್ಚಾಗಿ ಮನೆಯಲ್ಲಿಯೇ ಹೆರುತ್ತಿದ್ದರು. ಆದರೆ ಅದಕ್ಕೆ ಪ್ರತಿಯಾಗಿ 1933ರ ಶಾಸನದಿಂದ ನಮ್ಮದೇ ಮೆಡಿಕಲ್ ಕೌನ್ಸಿಲ್ ಹುಟ್ಟಿತೆಂಬುದು ಆ ಜಗಳದ ಲಾಭ.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಅಮೆರಿಕದಲ್ಲಿ ಒಂದು ವಿಚಿತ್ರ ಸ್ಥಿತಿ ಉಂಟಾಯಿತು. 1946ರ ಶಾಸನವೊಂದರ ಸಹಾಯದಿಂದ ಊರೂರುಗಳಲ್ಲಿ ಆಸ್ಪತ್ರೆಗಳು ಎದ್ದವು. ವೈದ್ಯಶಾಲೆಗಳು ಮಾತ್ರ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ. ಇಂಟರ್ನ್‌ಗಳನ್ನು ಹಂಚುವ ರಾಷ್ಟ್ರೀಯ ವ್ಯವಸ್ಥೆಯು 1952ರಲ್ಲಿ ಆರಂಭವಾದಾಗ ಸ್ಥಾನಗಳು ಸುಮಾರು 10,400. ಆ ವರ್ಷ ತೇರ್ಗಡೆಯಾದ ಅಮೆರಿಕನ್ನರು ಸುಮಾರು 6,000. ಉಳಿದ ಹಾಸಿಗೆಗಳ ಪಕ್ಕದಲ್ಲಿ ರಾತ್ರಿ ನಿಲ್ಲುವವರು ಯಾರು? 1948ರಲ್ಲಿ ವಿದ್ಯಾವಿನಿಮಯಕ್ಕೆಂದು ಮಾಡಿದ ಶಾಸನವೊಂದು ಇದಕ್ಕೆ ದಾರಿ ತೋರಿಸಿತು. ವಿನಿಮಯದ ಅತಿಥಿಗಳೆಂಬ ಹೆಸರಿನಲ್ಲಿ ಫಿಲಿಪೈನ್ಸ್, ಭಾರತ, ಕೊರಿಯ, ಇರಾನ್ ಮೊದಲಾದ ದೇಶಗಳ ವೈದ್ಯರು ಬರತೊಡಗಿದರು. ಹೆಸರಾಂತ ವಿಶ್ವವಿದ್ಯಾನಿಲಯಗಳ ಆಸ್ಪತ್ರೆಗಳು ಸ್ವದೇಶೀಯರಿಂದಲೇ ತುಂಬಿಹೋಗುತ್ತಿದ್ದುದರಿಂದ ಇವರ ಪಾಲಿಗೆ ಬಂದುದು ಬಹುಮಟ್ಟಿಗೆ ಸಣ್ಣ ಊರುಗಳ ಆಸ್ಪತ್ರೆಗಳು, ಸರಕಾರದ ಮಾನಸಿಕ ರೋಗಾಲಯಗಳು. ಅಂತಹ ಕಡೆಗಳಲ್ಲಿ ಕೆಲಸವಿತ್ತು, ಕೆಲಸ ಕಲಿಸುವ ಗುರು ಇರಲಿಲ್ಲ. ಕಲಿಯಬೇಕೆಂದು ಬಂದವನು ರಾತ್ರಿಯ ಪಾಳಿಯ ಮೇಲೆ ಪಾಳಿಯನ್ನು ಮಾಡಿ, ತಿಂಗಳಿಗೆ ಅಲ್ಪ ಭತ್ಯವನ್ನು ಪಡೆದು, ಪ್ರಮಾಣಪತ್ರವನ್ನು ಹಿಡಿದು ಹೊರಬರುತ್ತಿದ್ದನು.

ಹೀಗೆ ಬಂದವರಲ್ಲಿ ಎಲ್ಲರೂ ಸಮರ್ಥರಾಗಿದ್ದರೆಂದು ಹೇಳಿದರೆ ಅದು ಅಭಿಮಾನದ ಮಾತಾಗುತ್ತದೆ. ಯಾವ ಶಾಲೆ ಹೇಗಿದೆಯೆಂದು ದೂರದಲ್ಲಿದ್ದ ಆಸ್ಪತ್ರೆಗೆ ತಿಳಿಯುವಂತಿರಲಿಲ್ಲ. ಭಾಷೆ ಬಾರದ ವೈದ್ಯನಿಗೆ ರೋಗಿಯು ತನ್ನ ನೋವನ್ನು ಹೇಗೆ ಹೇಳಿಕೊಳ್ಳಬೇಕು? ಆದುದರಿಂದ 1956ರಲ್ಲಿ ಅಮೆರಿಕದ ವೈದ್ಯರ ಸಂಘ, ಆಸ್ಪತ್ರೆಗಳ ಸಂಘ, ವೈದ್ಯಶಾಲೆಗಳ ಸಂಘ ಮೊದಲಾದುವು ಸೇರಿ ಒಂದು ಮಂಡಲಿಯನ್ನು ಸ್ಥಾಪಿಸಿದವು. ಇ.ಸಿ.ಎಫ್.ಎಂ.ಜಿ. ಎಂಬ ಅಕ್ಷರಗಳಿಂದ ಅದು ಪ್ರಸಿದ್ಧ. 1958ರಲ್ಲಿ ಅದರ ಮೊದಲ ಪರೀಕ್ಷೆ ನಡೆಯಿತು: ವೈದ್ಯಶಾಸ್ತ್ರದ ಪ್ರಶ್ನೆಗಳು, ಜೊತೆಗೆ ಇಂಗ್ಲಿಷ್. ತೇರ್ಗಡೆಯಾಗದವರನ್ನು ಇಟ್ಟುಕೊಂಡ ಆಸ್ಪತ್ರೆಯು ತನ್ನ ಮಾನ್ಯತೆಯನ್ನು ಕಳೆದುಕೊಳ್ಳುವುದೆಂದು 1960ರ ಜುಲೈ ತಿಂಗಳ ಗಡುವನ್ನು ಗೊತ್ತುಮಾಡಿದರು. ಗಡುವು ಸಮೀಪಿಸಿದಂತೆ ತೇರ್ಗಡೆಯಾಗದವರ ಸಂಖ್ಯೆ ದೊಡ್ಡದೆಂದು ಗೊತ್ತಾಯಿತು, ಆಸ್ಪತ್ರೆಗಳು ಬೊಬ್ಬೆಯಿಟ್ಟವು, ಗಡುವು ಆ ವರ್ಷದ ಕೊನೆಗೆ ಮುಂದೂಡಲ್ಪಟ್ಟಿತು. ನಿನ್ನೆಯವರೆಗೆ ರೋಗಿಗಳನ್ನು ಒಪ್ಪಿಸಿದ್ದ ವೈದ್ಯನು ಇಂದು ಅಯೋಗ್ಯನು, ಆದರೂ ಇನ್ನಾರು ತಿಂಗಳು ಯೋಗ್ಯನು! ಪರೀಕ್ಷೆಯು ತಪ್ಪೆಂದು ನಾವು ಹೇಳುವುದಿಲ್ಲ. ಆ ತಕ್ಕಡಿಯನ್ನು ಹಿಡಿದ ಕೈ ಮಾತ್ರ ಆಸ್ಪತ್ರೆಯ ಖಾಲಿ ಪಾಳಿಗಳ ಪಟ್ಟಿಯನ್ನೂ ನೋಡುತ್ತಿತ್ತು.

ವಲಸೆಯ ಕಾನೂನುಗಳಲ್ಲಿಯೂ ಇದೇ ಉಯ್ಯಾಲೆ. ವಿನಿಮಯಕ್ಕೆ ಬಂದವನು ಅಭ್ಯಾಸ ಮುಗಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿರಬೇಕೆಂದು 1956ರಲ್ಲಿ ವಿಧಿಸಿದರು. 1965ರ ವಲಸೆಯ ಶಾಸನವು ಏಷ್ಯದವರ ಮೇಲಿದ್ದ ಹಳೆಯ ಕಟ್ಟುಪಾಡುಗಳನ್ನು ತೆಗೆದುಹಾಕಿ, ವಿದ್ಯಾವಂತ ವೃತ್ತಿಯವರಿಗೆ ಆದ್ಯತೆಯನ್ನು ಕೊಟ್ಟಿತು. ಅದೇ ವರ್ಷಗಳಲ್ಲಿ ವೃದ್ಧರ, ಬಡವರ ಚಿಕಿತ್ಸೆಯ ವೆಚ್ಚವನ್ನು ಸರಕಾರವು ವಹಿಸಿಕೊಂಡುದರಿಂದ ರೋಗಿಗಳು ಹೆಚ್ಚಿದರು. ವಿಯೆಟ್ನಾಂ ಯುದ್ಧವು ತರುಣ ವೈದ್ಯರನ್ನು ಸೆಳೆಯಿತು. 1970ರಲ್ಲಿ ಎರಡು ವರ್ಷದ ನಿಯಮವನ್ನು ಸಡಿಲಿಸಿದರು. 1972ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಅನುಮತಿ ಪಡೆದ ವೈದ್ಯರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಪರದೇಶದ ಪದವೀಧರರು. ಅಷ್ಟರಲ್ಲಿ ಸ್ವದೇಶದ ಹೊಸ ವೈದ್ಯಶಾಲೆಗಳು ಫಲ ಕೊಡಲಾರಂಭಿಸಿದವು. 1976ರಲ್ಲಿ ಕಾಂಗ್ರೆಸ್ ಸಭೆಯು ದೇಶದಲ್ಲಿ ವೈದ್ಯರ ಕೊರತೆಯಿಲ್ಲವೆಂದು ಶಾಸನದಲ್ಲಿಯೇ ಬರೆದು, ಹೊಸ ಪರೀಕ್ಷೆಯನ್ನು ವಿಧಿಸಿ, ವಿನಿಮಯದ ವೈದ್ಯರಿಗೆ ಎರಡು ವರ್ಷದ ನಿಯಮವನ್ನು ಮತ್ತೆ ಬಿಗಿಗೊಳಿಸಿತು. ಬ್ರಿಟನ್ನಿನಲ್ಲಿಯೂ 1975ರಲ್ಲಿ ಭಾರತದ ಪದವಿಗಳ ಮಾನ್ಯತೆ ಎರಡನೆಯ ಬಾರಿ ಹೋಗಿ, ಅಲ್ಲಿಯೂ ಪರೀಕ್ಷೆ ಬಂದಿತು. ಆ ದೇಶದಲ್ಲಿ ವೃದ್ಧರೋಗ, ಮನೋರೋಗಗಳ ವಿಭಾಗಗಳನ್ನು ನಮ್ಮವರು ದಶಕಗಟ್ಟಲೆ ಹೊತ್ತ ಕಥೆಗೆ ಬೇರೊಂದು ಲೇಖನವೇ ಬೇಕು.

ನಮ್ಮ ಕಡೆಯಿಂದ ನೋಡಿದರೆ ಏನಾಯಿತು? ಮೈಸೂರು ಸಂಸ್ಥಾನದ ವೈದ್ಯಶಾಲೆಯು 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ 1930ರಲ್ಲಿ ಮೈಸೂರಿಗೆ ಹೋಯಿತು. 1953ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಶಾಲೆ, ಅದರ ಹಿಂದೆಯೇ ಬೆಂಗಳೂರು, ಹುಬ್ಬಳ್ಳಿ ಮೊದಲಾದ ಊರುಗಳಲ್ಲಿ ಶಾಲೆಗಳು ಬಂದವು. ಸರಕಾರದ ಶಾಲೆಗಳಲ್ಲಿ ಓದಿದವನ ಖರ್ಚಿನ ಬಹುಭಾಗವನ್ನು ಕೊಟ್ಟವನು ರೈತನು. ಆ ವಿದ್ಯೆಯ ಮೊದಲ ಫಲವು ಓಹಾಯೋದ ರೋಗಿಗೆ ದೊರೆಯಿತೆಂದು ಕೊರಗಿದವರು ಅನೇಕರು. 1960ರ ದಶಕದ ಕೊನೆಯಲ್ಲಿ ಭಾರತ ಸರಕಾರವು ಆ ಅಮೆರಿಕದ ಪರೀಕ್ಷೆಯು ನಮ್ಮ ನೆಲದಲ್ಲಿ ನಡೆಯಕೂಡದೆಂದು ತಡೆದುದೂ ಉಂಟು. ಫಲವೇನೆಂದರೆ, ಪರೀಕ್ಷಾರ್ಥಿಗಳು ಕೊಲಂಬೊ, ಸಿಂಗಪುರ ಮೊದಲಾದ ಕಡೆ ಹೋಗಿ ಬರೆದು ಬಂದರು. ತಡೆಯಿಂದ ನಷ್ಟವಾದುದು ಬಡವನ ಮಗನಿಗೆ, ಟಿಕೆಟ್ಟಿನ ಹಣವುಳ್ಳವನಿಗಲ್ಲ. ಕೊರಗಿದವರ ಮಾತು ಸುಳ್ಳಲ್ಲ. ಆದರೆ ಅದೇ ಕಾಲದಲ್ಲಿ ಹೋಗಿ ಹೃದಯದ, ಮೂತ್ರಪಿಂಡದ, ಎಳೆಗೂಸುಗಳ ಚಿಕಿತ್ಸೆಯ ಹೊಸ ವಿದ್ಯೆಯನ್ನು ಕಲಿತು ಹಿಂದಿರುಗಿದವರೂ ಇದ್ದರು. ಆ ವಿದ್ಯೆ ಇಲ್ಲಿ ಆಗ ಕಲಿಯಲು ದೊರೆಯುತ್ತಿರಲಿಲ್ಲ. ಹೋದವನನ್ನು ಹಳಿಯುವುದಕ್ಕೆ ಮೊದಲು, ಸ್ನಾತಕೋತ್ತರ ಸ್ಥಾನಗಳು ಇಲ್ಲಿ ಎಷ್ಟಿದ್ದವೆಂದು ಕೇಳುವುದು ನ್ಯಾಯ.

ಅಮೆರಿಕದಲ್ಲಿ ವೈದ್ಯರಿಗೇನೂ ಕೊರತೆಯಿಲ್ಲವೆಂದು 1976ರಲ್ಲಿ ಬರೆದುದು ಹಳ್ಳಿಗಾಡುಗಳಿಗೆ ಕೇಳಿಸಲಿಲ್ಲ. ಅಲ್ಲಿ ನೆಲಸಲು ಸ್ವದೇಶದ ವೈದ್ಯನು ಒಪ್ಪಲಿಲ್ಲ. ಆದುದರಿಂದ 1994ರಲ್ಲಿ ಮತ್ತೊಂದು ಕಿಂಡಿ ತೆರೆಯಿತು: ವೈದ್ಯರಿಲ್ಲದ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡುವವನಿಗೆ ಎರಡು ವರ್ಷದ ನಿಯಮದಿಂದ ವಿನಾಯಿತ. ಪ್ರತಿಯೊಂದು ಪ್ರಾಂತಕ್ಕೆ ವರ್ಷಕ್ಕೆ 20 ಮಂದಿ. 2002ರಲ್ಲಿ ಅದು 30 ಆಯಿತು. ಸ್ವದೇಶಕ್ಕೆ ಹಿಂದಿರುಗಿ ಅಲ್ಲಿಯ ಜನರ ಸೇವೆ ಮಾಡಲೆಂದು ಹುಟ್ಟಿದ ನಿಯಮವು, ಅಮೆರಿಕದ ಹಳ್ಳಿಗಳಿಗೆ ವೈದ್ಯರನ್ನು ಒದಗಿಸುವ ಉಪಾಯವಾಗಿ ಮಾರ್ಪಟ್ಟ ಈ ಚಮತ್ಕಾರವನ್ನು ವಾಚಕರು ಗಮನಿಸಬೇಕು. ಪರೀಕ್ಷೆಗಳೂ ಮಾರ್ಪಟ್ಟವು. ಸ್ವದೇಶಿಗೂ ಪರದೇಶಿಗೂ ಒಂದೇ ಪರೀಕ್ಷೆಯೆಂಬ ವ್ಯವಸ್ಥೆಯು 1992ರಲ್ಲಿ ಆರಂಭವಾಯಿತು. ಈ ಚರಿತ್ರೆಯಲ್ಲಿ ಅದೊಂದು ದೊಡ್ಡ ನ್ಯಾಯವೆಂದೇ ನಮ್ಮ ಎಣಿಕೆ. ಕೃತಕ ರೋಗಿಗಳನ್ನು ಮುಂದಿಟ್ಟು ವೈದ್ಯನ ನಡೆನುಡಿಯನ್ನು ನೋಡುವ ಪರೀಕ್ಷೆಯೊಂದನ್ನು 1998ರಿಂದ ಫಿಲಡೆಲ್ಫಿಯಾದಲ್ಲಿ ನಡೆಸಿದರು. ಅದಕ್ಕಾಗಿಯೇ ಬೆಂಗಳೂರಿನಿಂದ ಸಮುದ್ರದಾಚೆಗೆ ಹೋಗಿಬರಬೇಕಾಗಿತ್ತು. ಆಮೇಲೆ ಸ್ವದೇಶೀಯರಿಗೂ ವಿಧಿಸಲಾದ ಆ ಪರೀಕ್ಷೆಯು 2020ರ ಮಹಾಮಾರಿಯಲ್ಲಿ ನಿಂತು, 2021ರಲ್ಲಿ ಶಾಶ್ವತವಾಗಿ ರದ್ದಾಯಿತು. ಈಗ ಆ ದೇಶದ ವೈದ್ಯರಲ್ಲಿ ನಾಲ್ವರಿಗೊಬ್ಬರು ಪರದೇಶದಲ್ಲಿ ಪದವಿ ಪಡೆದವರು. ಆದರೂ 2024ರ ಮಾರ್ಚಿನಲ್ಲಿ ನಡೆದ ಹಂಚಿಕೆಯಲ್ಲಿ, ಅಮೆರಿಕದ ಪ್ರಜೆಗಳಲ್ಲದ ಪರದೇಶದ ಪದವೀಧರರಲ್ಲಿ ಸ್ಥಾನ ದೊರೆತುದು ನೂರಕ್ಕೆ ಸುಮಾರು 58 ಮಂದಿಗೆ. ಸ್ವದೇಶದ ವಿದ್ಯಾರ್ಥಿಗಳಿಗೆ ನೂರಕ್ಕೆ 90ಕ್ಕೂ ಮಿಕ್ಕು. 2023ರಲ್ಲಿ ಟೆನ್ನೆಸ್ಸಿ ಪ್ರಾಂತವು ಪರದೇಶದಲ್ಲಿ ಅಭ್ಯಾಸ ಮುಗಿಸಿದ ವೈದ್ಯನು ಅಮೆರಿಕದಲ್ಲಿ ಅದನ್ನು ಪುನಃ ಮಾಡದೆ ತಾತ್ಕಾಲಿಕ ಅನುಮತಿ ಪಡೆಯಬಹುದೆಂಬ ಶಾಸನವನ್ನು ಮಾಡಿತು. ಬೇರೆ ಕೆಲವು ಪ್ರಾಂತಗಳೂ ಅದೇ ದಾರಿಯನ್ನು ಹಿಡಿದಿವೆ. ಕೊರತೆಯು ಮತ್ತೆ ಕಾಣಿಸಿಕೊಂಡಿದೆ ಎಂದು ಅರ್ಥ.

ಈ ಕಥೆಯು ಈಗ ನಮ್ಮ ಹೊಸ್ತಿಲಿಗೂ ಬಂದು ನಿಂತಿದೆ. ಇಲ್ಲಿಯ ವೈದ್ಯಶಾಲೆಗಳಲ್ಲಿ ಸ್ಥಾನ ಸಿಕ್ಕದೆ, ಸಿಕ್ಕಿದರೂ ಹಣ ಸಾಲದೆ, ರಷ್ಯ, ಚೀನ, ಉಕ್ರೇನ್ ಮೊದಲಾದ ದೇಶಗಳಿಗೆ ಹೋಗಿ ಪದವಿ ಪಡೆದುಬರುವ ನಮ್ಮವರೇ ನಮ್ಮ ಕಾನೂನಿನ ಕಣ್ಣಿಗೆ ಪರದೇಶದ ಪದವೀಧರರು. 2002ರಿಂದ ಅವರಿಗೆ ಒಂದು ಪರೀಕ್ಷೆಯನ್ನು ನಾವು ನಡೆಸುತ್ತಿದ್ದೇವೆ. ಅದರಲ್ಲಿ ತೇರ್ಗಡೆಯಾಗುವವರು ಅಲ್ಪಸಂಖ್ಯಾತರು. 2022ರ ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿಯೊಬ್ಬನು ರಷ್ಯದ ಗುಂಡಿನ ದಾಳಿಗೆ ಬಲಿಯಾದುದನ್ನು ನಾವಾರೂ ಮರೆತಿಲ್ಲ. ಆ ಯುದ್ಧದಿಂದ ಸಾವಿರಗಟ್ಟಲೆ ವಿದ್ಯಾರ್ಥಿಗಳು ಓದನ್ನು ಅರ್ಧಕ್ಕೆ ನಿಲ್ಲಿಸಿ ಹಿಂದಿರುಗಿದರು. ಅದೇ ಮಾರ್ಚಿನಲ್ಲಿ ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗವು ಒಂದು ಸುತ್ತೋಲೆಯನ್ನು ಹೊರಡಿಸಿ, ಪರದೇಶದ ಪದವೀಧರರಿಗೆ ಯಾವುದೇ ವೈದ್ಯಶಾಲೆಯ ಇಂಟರ್ನ್‌ಷಿಪ್ ಸ್ಥಾನಗಳಲ್ಲಿ ನೂರಕ್ಕೆ 7.5ಕ್ಕಿಂತ ಹೆಚ್ಚು ಇರಕೂಡದೆಂದೂ, ಅವರಿಂದ ಶುಲ್ಕವನ್ನು ವಸೂಲು ಮಾಡಕೂಡದೆಂದೂ, ಇತರರಿಗೆ ಕೊಡುವ ಭತ್ಯವನ್ನೇ ಅವರಿಗೂ ಕೊಡಬೇಕೆಂದೂ ವಿಧಿಸಿತು. ಯುದ್ಧದಿಂದಲೋ ಮಹಾಮಾರಿಯಿಂದಲೋ ಕೊನೆಯ ವರ್ಷವನ್ನು ಮನೆಯಿಂದಲೇ ಓದಿ ಮುಗಿಸಿದವರು ಒಂದಕ್ಕೆ ಬದಲು ಎರಡು ವರ್ಷ ಇಂಟರ್ನ್ ಆಗಿ ದುಡಿಯಬೇಕೆಂದು ಆಮೇಲೆ ಗೊತ್ತಾಯಿತು. ಅಂಥವರು ಅರ್ಜಿಗಳನ್ನು ಹಿಡಿದುಕೊಂಡು ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ಅಲೆದರು. ಅವರು ಕೇಳುತ್ತಿದ್ದುದು ತಮ್ಮದೇ ಜಿಲ್ಲೆಯ ವಾರ್ಡುಗಳಲ್ಲಿ ರಾತ್ರಿಯ ಪಾಳಿ ಮಾಡಲು ಒಂದು ಸ್ಥಾನವನ್ನು.